ನಷ್ಟದ ಅಂದಾಜು

ತನ್ನ ಮೇಲೆ ದಾವೆ ಹೂಡಿದವರ ಬಾಗಿಲಿಗೆ ಹೋಗುವಾಗ ಕೈಯಲ್ಲಿ ತಿಂಡಿಯ ಡಬ್ಬಿ ಇರಬೇಕೋ ಬೇಡವೋ ಎನ್ನುವುದು ಪ್ಲಾಟ್ ನದಿಯ ಸೇತುವೆ ದಾಟಿದರೂ ಮಾರ್ಲಾ ವೊಂದ್ರಾಕ್‌ಗೆ ಬಗೆಹರಿದಿರಲಿಲ್ಲ. ಡಬ್ಬಿ ಪಕ್ಕದ ಸೀಟಿನಲ್ಲಿ ಬೆಚ್ಚಗೆ ಕೂತಿತ್ತು. ಅಡಿಯಲ್ಲಿ ಗಸಗಸೆಯ ಹೂರಣದ ಕೊಲಾಚೆ ಬನ್ನುಗಳು, ಮೇಲೆ ಜರ್ದಾಳುವಿನವು. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದು ಎಂದು ಅವಳ ಕಡೆಯವರಲ್ಲಿ ಯಾರೂ ಹೇಳಿಕೊಡುವುದಿಲ್ಲ, ಆದರೆ ಯಾರೂ ಹಾಗೆ ಹೋಗುವುದಿಲ್ಲ. ಸತ್ತ ಮನೆಗೆ ಒಯ್ಯುತ್ತಾರೆ, ಹೆತ್ತ ಮನೆಗೆ ಒಯ್ಯುತ್ತಾರೆ, ಟ್ರ್ಯಾಕ್ಟರ್ ಸಾಲ ಕೇಳಲು ಬ್ಯಾಂಕಿಗೆ ಹೋಗುವಾಗಲೂ ಒಯ್ಯುತ್ತಾರೆ. ವಕೀಲರ ಎದುರು ಪ್ರಮಾಣ ಮಾಡಿ ಹೇಳಿಕೆ ಕೊಡಲು ಹೋಗುವಾಗ ಏನು ಮಾಡಬೇಕು ಎಂಬುದಕ್ಕೆ ಮಾತ್ರ ಅವಳಿಗೆ ಯಾವ ಮೇಲ್ಪಂಕ್ತಿಯೂ ನೆನಪಾಗಲಿಲ್ಲ. ಹೊರಡುವಾಗ ಗಂಡ ಆರಿನ್ ಡಬ್ಬಿಯ ಮುಚ್ಚಳ ಎತ್ತಿ ಎರಡನ್ನು ಎಗರಿಸಿ, ತುಂಬಿದ ಬಾಯಲ್ಲೇ, "ತಗೊಂಡು ಹೋಗು. ತಿನ್ನೋಷ್ಟು ಹೊತ್ತಾದ್ರೂ ಬಾಯಿ ಮುಚ್ಕೊಂಡಿರ್ತಾರೆ" ಎಂದಿದ್ದ. ರಸ್ತೆಯ ಎರಡೂ ಕಡೆ ಕಳೆದ ವರ್ಷದ ಜೋಳದ ಕೂಳೆ, ಅದರ ನಡುವೆ ಮಾರ್ಚ್ ತಿಂಗಳ ಕೊಕ್ಕರೆಗಳು ಉದ್ದ ಕಾಲಿನಲ್ಲಿ ಲೆಕ್ಕ ತಪ್ಪಿದವರ ಹಾಗೆ ಹೆಜ್ಜೆ ಹಾಕುತ್ತಿದ್ದವು. ಇಂಥ ದಿನ ಮನಸ್ಸು ಕುಗ್ಗಿರಬೇಕಿತ್ತು. ಕುಗ್ಗಿರಲಿಲ್ಲ. ಹಿಂದಿನ ಸಂಜೆ ತನ್ನ ಹೊಸ ಹುಡುಗಿಯರಲ್ಲಿ ಒಬ್ಬಳು ಮೊದಲ ಬಾರಿಗೆ ಚೆಂಡಿನ ಕೆಳಗೆ ಸರಿಯಾದ ಹೊತ್ತಿಗೆ ಬಂದು ನಿಂತಿದ್ದಳು, ಆ ಖುಷಿ ಇನ್ನೂ ಮೊಣಕಾಲಲ್ಲಿ ಆಡುತ್ತಿತ್ತು. ಒಂದು ಲಕ್ಷ ಎಂಬತ್ತು ಸಾವಿರ ಡಾಲರ್ ಕೇಳುತ್ತಿರುವವರ ಹತ್ತಿರ ಹೋಗುತ್ತಿರುವ ಹೆಂಗಸಿಗೆ ಇಷ್ಟು ನೆಮ್ಮದಿ ಒಪ್ಪುವುದಿಲ್ಲ ಎಂದು ಅವಳಿಗೇ ಅನಿಸಿ ರೇಡಿಯೊ ಆರಿಸಿದಳು.

ತಪ್ಪು ಅವಳದೇ, ಹಾಗೆ ನೋಡಿದರೆ. ವಿಶ್ವವಿದ್ಯಾಲಯದ ಹೆಂಗಸರ ವಾಲಿಬಾಲ್ ತಂಡಕ್ಕೆ ಹನ್ನೊಂದು ವರ್ಷ ಕೋಚ್ ಆಗಿದ್ದು, ಕರಾರು ಮುಗಿಯುವ ಮೊದಲೇ ಕಳೆದ ಮೇ ತಿಂಗಳಲ್ಲಿ ಬಿಟ್ಟು ಹೋದಳು. ನಡುವೆ ಬಿಟ್ಟರೆ ಇಂತಿಷ್ಟು ಕಟ್ಟಬೇಕು ಎಂದು ಕರಾರಿನಲ್ಲಿ ಷರತ್ತಿತ್ತು, ಕೆಳಗೆ ಅವಳ ರುಜುವೂ ಇತ್ತು. ಆ ಲೋಕದಲ್ಲಿ ಇಂಥ ಷರತ್ತಿಗೆ ಯಾರೂ ಹೆದರುವುದಿಲ್ಲ. ಕೋಚು ಬಿಟ್ಟು ಹೋಗುವುದು ಇನ್ನೂ ದೊಡ್ಡ ಕಡೆಗೆ, ಎತ್ತಿಕೊಂಡು ಹೋಗುವವರೇ ಆ ಹಣ ಕಟ್ಟುತ್ತಾರೆ, ಪತ್ರಿಕೆಯವರು ಅದನ್ನು ಎರಡು ದಿನ ಬರೆದು ಮರೆಯುತ್ತಾರೆ. ಮೇಲಕ್ಕೆ ಹಾರುವವರ ಕಾಲಿಗೆಂದು ಹೆಣೆದ ಬಲೆ ಅದು. ಯಾರಾದರೂ ಕೆಳಕ್ಕೆ ಇಳಿದು ಹೋದಾರು ಎಂದು ಬರೆದವರಿಗೂ ಹೊಳೆದಿರಲಿಲ್ಲ, ರುಜು ಹಾಕಿದವಳಿಗೂ ಹೊಳೆದಿರಲಿಲ್ಲ. ಅವಳು ಹೋದದ್ದು ಪಶ್ಚಿಮಕ್ಕೆ ಒಂದೂವರೆ ಗಂಟೆ ದೂರದ ಎರಡು ವರ್ಷದ ಕೋರ್ಸಿನ ಪುಟ್ಟ ಕಾಲೇಜಿಗೆ. ಅಲ್ಲಿ ಅಂಗಳಕ್ಕೆ ನೆಟ್ ಕಟ್ಟುವವಳೂ ಅವಳೇ, ನೆಲ ಒರೆಸುವವಳೂ ಅವಳೇ. ಅವರು ಅವಳ ಪರವಾಗಿ ಕಟ್ಟಬಲ್ಲದ್ದು ಹೆಚ್ಚೆಂದರೆ ಊಟದ ಬಿಲ್ಲು. ಯಾಕೆ ಹೋದೆ ಎಂದು ಕೇಳಿದವರಿಗೆಲ್ಲ ಅವಳು ಒಂದೊಂದು ಕಾರಣ ಹೇಳಿದ್ದಳು; ನಿಜವಾದದ್ದು ಹೇಳಲು ನಾಚಿಕೆ. ಕೊನೆಯ ಒಂದು ವರ್ಷ ಅವಳು ಚೆಂಡು ಮುಟ್ಟಿರಲಿಲ್ಲ. ದೇಣಿಗೆ ಕೊಡುವವರ ಜೊತೆ ಒಣಗಿದ ಕೋಳಿಮಾಂಸ ತಿನ್ನುತ್ತ, ಅವರ ಮೊಮ್ಮಕ್ಕಳ ಫೋಟೊ ನೋಡುತ್ತ ಸಂಜೆಗಳು ಹೋಗಿದ್ದವು, ಹುಡುಗಿಯರನ್ನು ಸಹಾಯಕರು ಆಡಿಸುತ್ತಿದ್ದರು. ಒಂದು ದಿನ ಊಟದ ಮೇಜಿನ ಕೆಳಗೆ ತನ್ನ ಬೆರಳುಗಳು ತಾವಾಗಿಯೇ ಚೆಂಡು ಹಿಡಿಯುವ ಬಟ್ಟಲಾಗಿರುವುದನ್ನು ನೋಡಿಕೊಂಡಳು. ಅದಾದ ಮೇಲೆ ಅಲ್ಲಿ ಬಹಳ ದಿನ ಇರಲಿಲ್ಲ.

ಕ್ರೀಡಾ ವಿಭಾಗದ ನಿರ್ದೇಶಕ ರಾಯ್ಸ್ ಡಾಲ್‌ಗ್ರೆನ್ ಫೋನಿನಲ್ಲಿ ಬೇಸರದಿಂದಲೇ ಹೇಳಿದ್ದ. "ಇದು ನಿನ್ನ ವಿಷಯ ಅಲ್ಲ ಮಾರ್ಲಾ. ನಿನ್ನನ್ನ ಹಾಗೇ ಬಿಟ್ರೆ ನಾಳೆ ಫುಟ್‌ಬಾಲ್ ಕೋಚು ಹೊರಟು ನಿಂತಾಗ ಅವನ ವಕೀಲ ನಿನ್ನ ಹೆಸರೇ ಎತ್ತಿ ತೋರಿಸ್ತಾನೆ. ಅವನ ಷರತ್ತು ಗಟ್ಟಿ ಇರಬೇಕು ಅಂದ್ರೆ ನಿಂದೂ ಗಟ್ಟಿ ಇರಬೇಕು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ. ಹೊಸ ಊರಿನಲ್ಲಿ ಅವಳೂ ಆರಿನ್ನೂ ಕೊಂಡ ಮನೆಯ ಬೆಲೆ ಹೆಚ್ಚುಕಡಿಮೆ ಅಷ್ಟೇ. ಹಿಂದುಗಡೆ ಸೇಬಿನ ಮರ, ಅಡುಗೆಮನೆಗೆ ಬೆಳಗಿನ ಬಿಸಿಲು. ಮದುವೆಯಾದಂದಿನಿಂದ ಬಾಡಿಗೆ ಮನೆಗಳಲ್ಲಿ ಬದುಕಿದವರು ಮೊದಲ ಸಲ ಯಾರನ್ನೂ ಕೇಳದೆ ಗೋಡೆಗೆ ಮೊಳೆ ಹೊಡೆದಿದ್ದರು. ಸೋತರೆ ಮನೆ ಹೋಗುತ್ತದೆ. ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಅವಳ ವಕೀಲ ಗಿಡಿಯನ್ ಪ್ರುಖಾ ವಿಶ್ವವಿದ್ಯಾಲಯದ ಕಾನೂನು ಕಚೇರಿಯ ಮೊಗಸಾಲೆಯಲ್ಲಿ ಕಾಯುತ್ತಿದ್ದ. ಅವಳ ತವರಿನ ಚರ್ಚಿನವನೇ, ಸಣ್ಣ ಹುಡುಗನಾಗಿದ್ದಾಗ ಹಾಡುವಾಗ ನಿದ್ದೆ ಹೋಗುತ್ತಿದ್ದ. ಈಗ ತುಂಬ ಎಚ್ಚರ. ಡಬ್ಬಿ ನೋಡಿ ಕಣ್ಣು ಮುಚ್ಚಿ ತೆರೆದ. "ನೋಡಿ ಕೋಚ್, ಇನ್ನೊಂದ್ಸಲ ಹೇಳ್ತೀನಿ. ಷರತ್ತಿನ ಹಣ ನಿಜವಾದ ನಷ್ಟದ ಅಂದಾಜು ಅಂತ ಅವರು ತೋರಿಸಿದ್ರೆ ಅದು ಪರಿಹಾರ, ಕೋರ್ಟು ಕೊಡ್ಸುತ್ತೆ. ನಷ್ಟಕ್ಕೂ ಹಣಕ್ಕೂ ಸಂಬಂಧ ಇಲ್ಲ, ಸುಮ್ನೆ ಹೆದರ್ಸೋಕೆ ಬರೆದದ್ದು ಅಂತ ನಾವು ತೋರಿಸಿದ್ರೆ ಅದು ದಂಡ. ದಂಡ ಹಾಕೋ ಹಕ್ಕು ಅವರಿಗಿಲ್ಲ, ಕೋರ್ಟು ಕೊಡ್ಸಲ್ಲ. ಅಂದ್ರೆ ನೀವು ಹೋಗಿದ್ದರಿಂದ ಅವರಿಗೆ ಏನೂ ಆಗಿಲ್ಲ. ಏನೂ ಅಂದ್ರೆ ಏನೂ. ಅರ್ಥ ಆಯ್ತಾ?"

"ನಾನು ಇದ್ರೂ ಒಂದೇ, ಹೋದ್ರೂ ಒಂದೇ."

"ಹಾ. ಅದನ್ನ ಹೀಗೇ ನಗ್‌ನಗ್ತಾ ಒಳಗೂ ಹೇಳ್ಬಿಡಿ. ಮನೆ ಉಳಿಯುತ್ತೆ."

ಒಳಗೆ ಉದ್ದ ಮೇಜು, ನೀರಿನ ಹೂಜಿ, ಕಿಟಕಿಯಾಚೆ ಅವಳ ಹುಡುಗಿಯರು ಆಡುತ್ತಿದ್ದ ಹಳೆಯ ಆಟದ ಮನೆಯ ಹಸಿರು ತಗಡಿನ ಮಾಡು. ನ್ಯಾಯಾಧೀಶರಿಲ್ಲ, ಇದು ವಿಚಾರಣೆಗೆ ಮೊದಲು ಪ್ರಮಾಣದ ಮೇಲೆ ಬರೆದುಕೊಳ್ಳುವ ಹೇಳಿಕೆ, ಅಷ್ಟೇ. ಬರೆದುಕೊಳ್ಳುವವಳು ವಿಲಾ ಎಂಬ ನರೆಗೂದಲ ಹೆಂಗಸು, ಮಂಡಿಯ ಮೇಲೆ ಮಗುವನ್ನು ಕೂರಿಸಿಕೊಂಡಂತೆ ಸಣ್ಣ ಯಂತ್ರವನ್ನು ಮುಂದಿಟ್ಟುಕೊಂಡಿದ್ದಳು. ವಿಶ್ವವಿದ್ಯಾಲಯದ ವಕೀಲೆ ಲೆನೋರ್ ಹ್ಯಾಸ್ಕೆಟ್ ಎದ್ದು ನಿಂತು ಕೈ ಕುಲುಕಿದಳು, ಡಬ್ಬಿ ನೋಡಿದಳು. ಮಾರ್ಲಾ ಅದನ್ನು ಮೇಜಿನ ನಡುವೆ ಇಟ್ಟು, "ಇದು... ಎಲ್ಲರಿಗೂ" ಎಂದಳು. ಎಲ್ಲರೂ ಅದನ್ನು ದಾಖಲೆ ನೋಡಿದ ಹಾಗೆ ನೋಡಿದರು. ಎಂಥ ಹಳ್ಳಿಗಮಾರಿ ನಾನು ಎಂದುಕೊಂಡಳು, ಆದರೂ ಎತ್ತಿ ಕೆಳಗಿಡಲು ಮನಸ್ಸು ಬರಲಿಲ್ಲ. ರಾಯ್ಸ್ ಮಾತ್ರ ಕೈ ಚಾಚಹೋಗಿ, ತನ್ನ ವಕೀಲೆಯ ಮುಖ ನೋಡಿ, ಆ ಕೈಯಿಂದ ಟೈ ಸರಿಮಾಡಿಕೊಂಡ.

ಬೆಳಿಗ್ಗೆ ರಾಯ್ಸ್‌ನ ಸರದಿ. ಪ್ರುಖಾ ಕೇಳುತ್ತ ಹೋದ, ರಾಯ್ಸ್ ಹೇಳುತ್ತ ಹೋದ, ಮಾರ್ಲಾ ಕೈ ಕಟ್ಟಿ ಕೂತು ಕೇಳಿದಳು. ಈ ರಾಜ್ಯದಲ್ಲಿ ಇಂಥ ಕೋಚು ಇನ್ನೊಬ್ಬರಿಲ್ಲ ಎಂದ ರಾಯ್ಸ್. ಅವಳು ಬರುವ ಮೊದಲು ಆ ಆಟದ ಮನೆಯಲ್ಲಿ ಗುಬ್ಬಚ್ಚಿಗಳು ಗೂಡು ಕಟ್ಟಿದ್ದವು ಎಂದ. ತಾಯಂದಿರು ಮಗಳನ್ನು ಕಳಿಸುತ್ತಿದ್ದದ್ದು ವಿಶ್ವವಿದ್ಯಾಲಯಕ್ಕಲ್ಲ, ಕೋಚ್ ವೊಂದ್ರಾಕ್ ಹತ್ತಿರಕ್ಕೆ ಎಂದ. "ಇಂಥವರು ಹೋದ್ರೆ ಆಗೋ ನಷ್ಟವನ್ನ ಇಷ್ಟು ಅಂತ ಹೇಳೋಕಾಗಲ್ಲ. ಹೇಳೋಕಾಗಲ್ಲ ಅಂತಾನೇ ಮೊದ್ಲೇ ಒಂದು ಅಂದಾಜು ಬರೆದಿಟ್ಕೊಂಡಿದ್ದು" ಎಂದ. ಕೊನೆಯದು ಹ್ಯಾಸ್ಕೆಟ್ ಹೇಳಿಕೊಟ್ಟ ವಾಕ್ಯ ಎಂದು ಮಾರ್ಲಾಗೆ ಗೊತ್ತಾಯಿತು, ಆದರೆ ಗುಬ್ಬಚ್ಚಿಗಳು ಅವನವೇ. ಇದೇ ರಾಯ್ಸ್ ವಾರ್ಷಿಕ ಭೋಜನದಲ್ಲಿ ಮೈಕಿನ ಮುಂದೆ ಅವಳನ್ನು ಮಾರ್ಲೀನ್ ಎಂದು ಕರೆದಿದ್ದ. ಕುಸ್ತಿಯವರ ಚಾಪೆ ಹಾಸಬೇಕೆಂದು ಅಭ್ಯಾಸದ ಮಧ್ಯೆ ಹುಡುಗಿಯರನ್ನು ಹೊರಗೆ ಕಳಿಸಿದ್ದ. ಅವರು ಮಂಜಿನಲ್ಲಿ ಆಟದ ಉಡುಪಿನಲ್ಲೇ ಬಸ್ಸಿನ ತನಕ ಓಡಿದ್ದರು. ಆಗ ಒಂದು ಒಳ್ಳೆಯ ಮಾತು ಹೇಳದಿದ್ದವನು ಈಗ ಪ್ರಮಾಣ ಮಾಡಿ ಹೇಳುತ್ತಿದ್ದಾನೆ. ಇದ್ದಾಗ ಬೆಲೆ ತಿಳಿಯುವುದಿಲ್ಲ ಎನ್ನುತ್ತಾರೆ, ಸರಿ. ಆದರೆ ಹೋದಮೇಲೆ ತಿಳಿದ ಬೆಲೆಯನ್ನು ಹೋದವಳಿಂದಲೇ ವಸೂಲಿ ಮಾಡುವುದು ಅವಳು ಎಲ್ಲೂ ಕೇಳಿರಲಿಲ್ಲ. ಇಷ್ಟೆಲ್ಲ ಇದ್ದೂ, ಅವನು ಹೊಗಳುತ್ತಿದ್ದ ಹಾಗೆ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಇನ್ನಷ್ಟು ಹೇಳಲಿ ಅನ್ನಿಸುತ್ತಿತ್ತು. ಪ್ರತಿಯೊಂದು ಒಳ್ಳೆಯ ಮಾತಿಗೂ ತನ್ನ ಮನೆಯ ಒಂದೊಂದು ಕೋಣೆ ಹೋಗುತ್ತಿದೆ ಎಂದು ಗೊತ್ತಿದ್ದೂ ಅನ್ನಿಸುತ್ತಿತ್ತು.

ಆಮೇಲೆ ಪ್ರುಖಾ ಪತ್ರಿಕೆಯ ತುಣುಕುಗಳನ್ನು ಹೊರತೆಗೆದ. ಅವಳೇ ಪಂದ್ಯ ಮುಗಿದ ಮೇಲೆ ಆಡಿದ ಮಾತುಗಳು. "'ನಾನು ಏನೂ ಮಾಡ್ಲಿಲ್ಲ, ಎಲ್ಲಾ ಹುಡುಗೀರೇ ಮಾಡಿದ್ದು.' ಇದು ಕೋಚ್ ಹೇಳಿದ್ದು ಹೌದಾ?"

"ಹೌದು" ಎಂದ ರಾಯ್ಸ್.

"'ನನ್ನ ಕೆಲಸ ಬಸ್ಸು ಸರಿಯಾದ ಊರಿಗೆ ಹೋಗ್ತಾ ಇದ್ಯಾ ಅಂತ ನೋಡೋದು, ಅಷ್ಟೇ.' ಇದು?"

"ಹೌದು, ಆದರೆ..."

"'ಈ ಹುಡುಗೀರ್ನ ಇಟ್ಕೊಂಡು ನನ್ನಜ್ಜಿ ಕೂಡ ಗೆಲ್ತಿದ್ದಳು.'"

ಮೇಜಿನ ಸುತ್ತ ನಗು. ಮಾರ್ಲಾಳೂ ನಕ್ಕಳು. ಆ ಸೀಮೆಯಲ್ಲಿ ಗೆದ್ದವರೆಲ್ಲ ಹೀಗೇ ಮಾತಾಡುತ್ತಾರೆ. ಗೆದ್ದರೆ ಹುಡುಗಿಯರು, ಸೋತರೆ ನಾನು: ಪಂದ್ಯದ ಮೊದಲು ನೀರು ಕುಡಿಯುವ ಹಾಗೆ ಅದು ಅಭ್ಯಾಸ, ಅದನ್ನು ಯಾರೂ ನಂಬುವುದೂ ಇಲ್ಲ, ಯಾರೂ ಅನುಮಾನಿಸುವುದೂ ಇಲ್ಲ. ಗೋದಿ ಹೇಗಿದೆ ಎಂದರೆ ಚಿನ್ನದಂಥ ಬೆಳೆ ನಿಂತ ಹೊಲದಲ್ಲೂ "ಪರವಾಗಿಲ್ಲ" ಎನ್ನುವ ಅಪ್ಪನ ಮಗಳು ಅವಳು. ಆ ವಿನಯ ಈಗ ಒಂದೊಂದಾಗಿ ಗುರುತಿನ ಚೀಟಿ ಅಂಟಿಸಿಕೊಂಡು ಸಾಕ್ಷ್ಯವಾಗುತ್ತಿತ್ತು. ಪ್ರುಖಾ ಮುಂದುವರಿಸಿದ: ಅವರು ಹೋದ ಮೇಲೆ ತಂಡ ಹಿಂದಿಗಿಂತ ಹೆಚ್ಚು ಪಂದ್ಯ ಗೆದ್ದಿದೆ, ಅಲ್ಲವೇ. ಬಂದಿರುವ ಕೋಚಿಗೆ ಸಂಬಳವೂ ಕಡಿಮೆ, ಅಲ್ಲವೇ. ಈ ವರ್ಷದ ನಾಯಕಿ ಮಾರಿಟ್ ಐಲರ್ಟ್ ಪ್ರತಿಭೆ ಹೊತ್ತುಕೊಂಡೇ ಬಂದವಳು, ಯಾವ ಕೋಚು ಇದ್ದರೂ ಅವಳು ಹೀಗೇ ಆಗುತ್ತಿದ್ದಳು, ಅಲ್ಲವೇ.

"ಇರಬಹುದು" ಎಂದ ರಾಯ್ಸ್.

ಮಾರ್ಲಾ ನಗು ನಿಲ್ಲಿಸಿದಳು. ಇರಬಹುದು? ಅವಳ ಬಲಗೈ ಎಡಗೈಯನ್ನು ಹಿಡಿದುಕೊಂಡಿತು. ಹೊಡೆಯುವವಳಿಗೆ ಚೆಂಡು ಎತ್ತಿಕೊಡುವವಳ ಎರಡೂ ಕೈ ಒಂದೇ ಕ್ಷಣಕ್ಕೆ ಚೆಂಡು ಬಿಡಬೇಕು. ಆ ಜಾಗಕ್ಕೆ ಮಾರಿಟ್ ಬಂದಾಗ ಅವಳ ಎಡಗೈ ಒಂದು ಕೂದಲೆಳೆಯಷ್ಟು ತಡ, ಚೆಂಡು ಗಾಳಿಯಲ್ಲಿ ಗಿರಗಿರ ತಿರುಗುತ್ತ ಹೋಗುತ್ತಿತ್ತು. ನೋಡುವವರಿಗೆ ಅದು ಕಾಣುವುದಿಲ್ಲ, ಹೊಡೆಯುವವಳ ಅಂಗೈಗೆ ಮಾತ್ರ ತಿಳಿಯುತ್ತದೆ. ಬೆಳಗ್ಗೆ ಬೆಳಗ್ಗೆ, ದೀಪ ಪೂರ್ತಿ ಹತ್ತುವ ಮೊದಲೇ, ಮಾರ್ಲಾ ಭಾರದ ಚೆಂಡು ಕೊಟ್ಟು ಬರಿ ಎಡಗೈಯಲ್ಲಿ ಗೋಡೆಗೆ ಎತ್ತಿಸಿದ್ದಳು. ಆ ಹುಡುಗಿ ಅಳುತ್ತ ಎತ್ತಿದ್ದಳು, ಬೈದುಕೊಳ್ಳುತ್ತ ಎತ್ತಿದ್ದಳು. ಅವಳ ಮೊದಲ ಚಳಿಗಾಲ ಪೂರ್ತಿ ಹಿಡಿಯಿತು. ಅದಕ್ಕೂ ಮುಂಚೆ ಐಲರ್ಟ್‌ರ ಅಡುಗೆಮನೆ. ಹುಡುಗಿಯನ್ನು ತಂಡಕ್ಕೆ ಕರೆಯಲು ಕೋಚುಗಳು ಮನೆಗೇ ಹೋಗಿ ಊಟಕ್ಕೆ ಕೂರುವುದು ರೂಢಿ. ತಾಯಿ ಹಂದಿಮಾಂಸದ ತುಂಡು ಹುರಿಯುತ್ತ, ಬೆನ್ನು ಮಾಡಿಕೊಂಡೇ ಕೇಳಿದ್ದಳು. "ನಾಲ್ಕು ವರ್ಷವೂ ನೀವೇ ಇರ್ತೀರಲ್ಲ?" "ಇಲ್ದೆ ಎಲ್ಲಿಗೆ ಹೋಗ್ಲಿ" ಎಂದಿದ್ದಳು ಮಾರ್ಲಾ, ಇನ್ನೊಂದು ತುಂಡು ಹಾಕಿಸಿಕೊಂಡಿದ್ದಳು. ವಿಶ್ವವಿದ್ಯಾಲಯದ ಕರಾರಿಗೆ ರುಜು ಹಾಕಿದ್ದು ವಕೀಲರ ಎದುರು. ಈ ಕರಾರಿಗೆ ಸಾಕ್ಷಿ ಒಂದು ಊಟದ ತಟ್ಟೆ. ಮಾರಿಟ್ ಎರಡನೇ ವರ್ಷ ಮುಗಿಸುತ್ತಿದ್ದಾಗ ಮಾರ್ಲಾ ಹೊರಟಳು. ಹೇಳಬೇಕೆಂದು ಹುಡುಗಿಯರ ಸಭೆ ಕರೆದಿದ್ದಳು, ಸಭೆಗೆ ಒಂದು ಗಂಟೆ ಮೊದಲೇ ಸುದ್ದಿ ಅವರ ಫೋನುಗಳಿಗೆ ಬಂದಾಗಿತ್ತು. ಬಾಗಿಲು ತೆರೆದಾಗ ಎಲ್ಲರೂ ತಲೆ ಎತ್ತಿದರು, ಮಾರಿಟ್ ಎತ್ತಲಿಲ್ಲ. ಬೂಟಿನ ದಾರ ಬಿಚ್ಚುತ್ತ ಕೂತಿದ್ದವಳು ಬಿಚ್ಚುತ್ತಲೇ ಇದ್ದಳು.

ಊಟದ ಬಿಡುವಿನಲ್ಲಿ ಪ್ರುಖಾ ಕೈ ಉಜ್ಜಿಕೊಂಡ. "ಚೆನ್ನಾಗಿ ಹೋಗ್ತಿದೆ. ಮಧ್ಯಾಹ್ನ ಆಯಮ್ಮ ಕೇಳೋದು ಒಂದೇ: ಪತ್ರಿಕೆಗೆ ಹೇಳಿದ್ದೆಲ್ಲ ನಿಜಾನಾ ಅಂತ. ನಿಜ ಅಂದ್ಬಿಡಿ. ನೀವು ಹೇಳಿದ್ದನ್ನೇ ಹೇಳ್ತಿದ್ದೀರಿ, ಹೊಸದೇನಿಲ್ಲ."

"ಅದು ಸುಮ್ನೆ ಹೇಳೋ ಮಾತು ಗಿಡಿಯನ್. ಎಲ್ಲರೂ ಹೇಳ್ತಾರೆ."

"ಹಾಗಾದ್ರೆ ಇನ್ನೊಂದ್ಸಲ ಸುಮ್ನೆ ಹೇಳಿ."

ಹಸಿವಿಲ್ಲ ಎಂದು ಹೊರಗೆ ಬಂದಳು. ಕಾಲುಗಳು ಹಸಿರು ಮಾಡಿನ ಕಡೆಗೇ ಹೋದವು, ಅವಳು ತಡೆಯಲಿಲ್ಲ. ಹಿಂಬಾಗಿಲಿನ ಹತ್ತಿರ ಬರುವಷ್ಟರಲ್ಲಿ ಸದ್ದು ಕೇಳಿಸಿತು. ಗೋಡೆಗೆ ಚೆಂಡು, ಮತ್ತೆ ಗೋಡೆಗೆ ಚೆಂಡು, ನಡುವೆ ಸಾಮಾನ್ಯ ಚೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತಿನ ಮೌನ. ಭಾರದ ಚೆಂಡು. ಒಂದೇ ಕೈ. ಕಣ್ಣು ಮುಚ್ಚಿದರೂ ಹೇಳಬಹುದಿತ್ತು. ಬಾಗಿಲಿನ ಸಣ್ಣ ಗಾಜಿನ ಕಿಂಡಿಯಲ್ಲಿ ಇಣುಕಿದಳು, ಕದ್ದು ನೋಡುತ್ತಿದ್ದೇನೆ ಎಂಬ ಅಳುಕಿನಲ್ಲೇ. ಎತ್ತುತ್ತಿದ್ದವಳು ಮಾರಿಟ್ ಅಲ್ಲ. ಮಾರ್ಲಾ ಎಂದೂ ನೋಡಿರದ ಒಬ್ಬಳು, ಮೊದಲ ವರ್ಷದವಳಿರಬೇಕು, ಎರಡು ಜಡೆ, ಕೆಂಪೇರಿದ ಮುಖ. ಪಕ್ಕದಲ್ಲಿ ಮಾರಿಟ್ ನಿಂತು ಆ ಹುಡುಗಿಯ ಬಲಗೈಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದಳು. ಹಾಗೆ ಹಿಡಿಯುವುದು ಮಾರ್ಲಾ ಮಾಡುತ್ತಿದ್ದದ್ದು. ಹುಡುಗಿ ಏನೋ ಗೊಣಗಿದಳು, ಮಾರಿಟ್ "ಇನ್ನೊಂದು" ಎಂದಳು. ಆ ಧಾಟಿಯೂ ಮಾರ್ಲಾಳದೇ, ಕೊನೆಯಲ್ಲಿ ಸ್ವಲ್ಪ ಕೆಳಗಿಳಿಯುವ, ಬೇಡಿಕೊಳ್ಳದ, ಗದರದ ಧಾಟಿ. ಮಾರ್ಲಾ ಬಾಗಿಲ ಹಿಡಿಯ ಮೇಲೆ ಕೈ ಇಟ್ಟಳು, ತೆಗೆದಳು. ಎದೆಯೊಳಗೆ ಸಂಕಟವೂ ಸಂತೋಷವೂ ಒಟ್ಟಿಗೇ ಎದ್ದವು. ಎರಡರಲ್ಲಿ ಸಂತೋಷವೇ ದೊಡ್ಡದಿತ್ತು, ಅದಕ್ಕಾಗಿ ಅವಳಿಗೆ ಸ್ವಲ್ಪ ನಾಚಿಕೆಯಾಯಿತು. ಕಚೇರಿಗೆ ಹಿಂದಿರುಗುವಾಗ ಹುಲ್ಲಿನ ಮೇಲೆ ನಡೆಯಬಾರದೆಂಬ ಫಲಕ ಕಂಡು ದಾರಿಗಿಳಿದಳು.

ಡಬ್ಬಿಯಲ್ಲಿ ಒಂದು ಕೊಲಾಚೆ ಕಡಿಮೆಯಾಗಿತ್ತು. ಯಾರು ತಿಂದರೋ ಯಾರೂ ಹೇಳಲಿಲ್ಲ. ವಿಲಾ ಪ್ರಮಾಣ ಹೇಳಿಸಿದಳು. ಹ್ಯಾಸ್ಕೆಟ್ ಬೆಣ್ಣೆಯಲ್ಲಿ ಕೂದಲು ತೆಗೆಯುವಂತೆ ಶುರುಮಾಡಿದಳು: ಹೆಸರು, ಊರು, ರುಜು ತಮ್ಮದೇ, ಓದಿಯೇ ಹಾಕಿದ್ದು ಅಲ್ಲವೇ. ಓದಿದ್ದು ಅರ್ಧ ಎಂದಳು ಮಾರ್ಲಾ, ಪ್ರುಖಾ ಕೆಮ್ಮಿದ. ಆಮೇಲೆ ಹ್ಯಾಸ್ಕೆಟ್ ತುಣುಕುಗಳನ್ನು ಅವಳ ಕಡೆ ತಳ್ಳಿದಳು.

"ಗೆದ್ದಾಗ 'ನಾನು ಏನೂ ಮಾಡ್ಲಿಲ್ಲ' ಅಂದಿದ್ದೀರಿ. ಸೋತಾಗ ಏನು ಹೇಳ್ತಿದ್ರಿ?"

"ತಪ್ಪು ನಂದು ಅಂತ."

"ಪ್ರತಿ ಸಲ?"

"ಪ್ರತಿ ಸಲ."

"ಸೋಲು ನಿಮ್ಮಿಂದ ಆಗ್ಬಹುದಾದ್ರೆ ಗೆಲುವು ಯಾಕೆ ನಿಮ್ಮಿಂದ ಆಗ್ಬಾರ್ದು?"

ಪ್ರುಖಾ ದಾಖಲೆಗಿರಲೆಂದು ಆಕ್ಷೇಪಣೆ ಎಂದ, ಆದರೂ ಉತ್ತರ ಕೊಡಬಹುದು ಎಂದ. ಮಾರ್ಲಾ ಕಿಟಕಿಯ ಕಡೆ ನೋಡಿದಳು. ಅಡುಗೆಮನೆಯ ಬಿಸಿಲು ನೆನಪಾಯಿತು, ಮೊಳೆ ಹೊಡೆದ ಗೋಡೆ. ಪರವಾಗಿಲ್ಲ ಎಂದುಬಿಟ್ಟರೆ ಆಯಿತು. ಅಪ್ಪ ಇಡೀ ಬದುಕು ಅಂದ, ಅವನಿಗೆ ಏನೂ ನಷ್ಟವಾಗಲಿಲ್ಲ. ಬೆಳಿಗ್ಗೆಯಿಂದ ತನಗೆ ತಿಳಿಯದ ಒಂದು ಕಿರಿಕಿರಿ ಈಗ ತಿಳಿಯಿತು. ತಾನು ಇಷ್ಟು ವರ್ಷ ಹುಡುಗಿಯರಿಗೆ ಹಂಚಿದ್ದು ಗೆಲುವಿನಲ್ಲಿ ತನ್ನ ಪಾಲನ್ನೇ ಎಂದುಕೊಂಡಿದ್ದಳು, ಆದರೆ ಏನೂ ಮಾಡಲಿಲ್ಲ ಎನ್ನುವಾಗ ಆ ಬೆಳಗುಗಳನ್ನೂ ಇಲ್ಲ ಎನ್ನುತ್ತಿದ್ದಳು, ಮಾರಿಟ್ ಅತ್ತದ್ದನ್ನೂ ಇಲ್ಲ ಎನ್ನುತ್ತಿದ್ದಳು. ಅದು ಅವಳೊಬ್ಬಳದಾಗಿರಲಿಲ್ಲ, ಕೊಟ್ಟುಬಿಡಲು.

"ಕೋಚ್ ವೊಂದ್ರಾಕ್, ಪ್ರಶ್ನೆ ಸರಳ ಮಾಡ್ತೀನಿ" ಎಂದಳು ಹ್ಯಾಸ್ಕೆಟ್. ಅವಳ ದನಿಯಲ್ಲಿ ಈಗ ವಕೀಲಿಕೆ ಕಡಿಮೆಯಿತ್ತು. "ಇಲ್ಲಿ ಏನಾದ್ರೂ ನಿಮ್ಮಿಂದ ಆಗಿದ್ಯಾ? ನೀವು ಇಲ್ದಿದ್ರೆ ಆಗ್ತಿರಲಿಲ್ಲ ಅನ್ನೋ ಅಂಥದ್ದು?"

ಮಾರ್ಲಾ ತಲೆ ಆಡಿಸಿದಳು.

ಪ್ರುಖಾ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದ. ಅವಳ ತಲೆ ಆಡಿದ್ದು ಅತ್ತಿತ್ತಲೋ ಮೇಲೆ ಕೆಳಗೋ, ಅವನ ಕಡೆಯಿಂದ ಕಂಡಿರಲಿಕ್ಕಿಲ್ಲ. ವಿಲಾ ಯಂತ್ರದಿಂದ ಬೆರಳು ಎತ್ತಿ, ಅವಳನ್ನು ಮೊದಲ ಬಾರಿಗೆ ನೇರ ನೋಡಿ, "ತಲೆ ಆಡಿಸಿದ್ರೆ ಬರೆಯೋಕಾಗಲ್ಲ ಕಣಮ್ಮಾ. ಬಾಯಿ ಬಿಟ್ಟು ಹೇಳ್ಬೇಕು" ಎಂದಳು.

"ಹೌದು" ಎಂದಳು ಮಾರ್ಲಾ. ನೀರು ಕುಡಿದಳು. "ಹೌದು, ನಾನು ಮಾಡಿದೀನಿ. ಪತ್ರಿಕೆಗೆ ಹೇಳಿದ್ದು ಮರ್ಯಾದೆಗೆ ಹೇಳಿದ್ದು. ಮಾರಿಟ್ ಐಲರ್ಟ್ ಎಡಗೈ ನಾನು ಮಾಡಿದ್ದು. ಅವಳೂ ಮಾಡಿದಳು, ನಾನೂ ಮಾಡಿದೆ. ನನ್ನಜ್ಜಿ ಗೆಲ್ತಿರಲಿಲ್ಲ."

ಪ್ರುಖಾ ಪೆನ್ನು ಕೆಳಗಿಟ್ಟ.

"ಹಾಗಿದ್ರೆ ನೀವು ಹೋಗಿದ್ದರಿಂದ ವಿಶ್ವವಿದ್ಯಾಲಯಕ್ಕೆ ನಷ್ಟ ಆಗಿದೆ."

"ಅದು ನನಗೆ ಗೊತ್ತಿಲ್ಲ. ನಾನು ಮಾಡಿದ್ದನ್ನ ಜೊತೆಗೆ ತಗೊಂಡು ಹೋಗಿಲ್ಲ. ಅಲ್ಲೇ ಇದೆ." ಅವಳು ಕಿಟಕಿಯಾಚೆಯ ಹಸಿರು ಮಾಡನ್ನು ತೋರಿಸಿದಳು. "ಈಗ ಊಟದ ಹೊತ್ತಲ್ಲಿ ನೋಡ್ಕೊಂಡು ಬಂದೆ. ನಾನು ಹೋಗಿದ್ದರಿಂದ ನಷ್ಟ ಆಗಿದ್ದು ಒಂದು ಹುಡುಗಿಗೆ. ಅವರಮ್ಮನಿಗೆ ನಾಲ್ಕು ವರ್ಷ ಇರ್ತೀನಿ ಅಂದಿದ್ದೆ, ಇರ್ಲಿಲ್ಲ. ಅದರ ಅಂದಾಜು ನಿಮ್ಮ ಷರತ್ತಲ್ಲಿ ಎಲ್ಲೂ ಬರೆದಿಲ್ಲ. ಬರೆದಿದ್ರೆ ಅದನ್ನ ಕಟ್ತಿದ್ದೆ."

ರಾಯ್ಸ್ ಮೇಜು ನೋಡುತ್ತಿದ್ದ. ಹ್ಯಾಸ್ಕೆಟ್ ಕಾಗದ ಮಗುಚಿ, ಇಷ್ಟು ಸಾಕು ಎಂದಳು.

ಮೊಗಸಾಲೆಯಲ್ಲಿ ಪ್ರುಖಾ ಬಹಳ ಹೊತ್ತು ಕೋಟಿನ ತೋಳು ಹುಡುಕಿದ. "ಮೊದಲನೇ ಉತ್ತರಕ್ಕೆ ಮನೆ ಹೋಯ್ತು" ಎಂದ. "ಎರಡನೇದಕ್ಕೆ ಸ್ವಲ್ಪ ವಾಪಸ್ ಬಂದಿರಬಹುದು. ಕಿಟಕಿಗಳು, ಬಾಗಿಲು. ನ್ಯಾಯಾಧೀಶರು ಯಾವ ಉತ್ತರ ಹಿಡ್ಕೋತಾರೋ ದೇವರಿಗೇ ಗೊತ್ತು. ಸೇಬು ಈ ವರ್ಷ ಬೇಗ ಕಿತ್ಕೊಳ್ಳಿ." ಅವನಿಗೆ ಸಿಟ್ಟು ಬಂದಿತ್ತು, ಆದರೆ ಅವಳ ತೋಳು ತಟ್ಟಿಯೇ ಹೋದ. ರಾಯ್ಸ್ ಹಿಂದಿನಿಂದ ಬಂದ. ಗಡ್ಡದಲ್ಲಿ ಗಸಗಸೆಯ ಒಂದು ಕಾಳು ಅಂಟಿಕೊಂಡಿತ್ತು. "ಹನ್ನೊಂದು ವರ್ಷದಲ್ಲಿ ಒಂದ್ಸಲಾನೂ ಹೀಗೆ ಹೇಳ್ಲಿಲ್ವಲ್ಲ ನೀನು" ಎಂದ. "ಹೇಳಿದ್ರೆ ಸಂಬಳ ಹೆಚ್ಚಿಸ್ತಿದ್ದೆ."

"ನೀನೂ ಹೇಳ್ಲಿಲ್ಲ ರಾಯ್ಸ್" ಎಂದಳು. ಹೇಳಿದ ಮೇಲೆ ಇಬ್ಬರಿಗೂ ಮುಜುಗರವಾಗಿ, ಹವೆಯ ಬಗ್ಗೆ ಎರಡು ಮಾತಾಡಿ ಬೇರೆಯಾದರು.

ಆರಿನ್‌ಗೆ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಗರಗಸದ ಸದ್ದು, ಆಮೇಲೆ ನಿಂತಿತು.

"ಏನು ಹೇಳ್ದೆ?"

"ನಾನು ಏನೋ ಮಾಡಿದೀನಿ ಅಂತ ಹೇಳ್ದೆ. ಮನೆ ಹೋಗಬಹುದು."

ಮನೆ ಅವನದೂ ಹೌದಲ್ಲ, ತಾನು ಕೇಳದೆ ಕೊಟ್ಟೆನಲ್ಲ ಎಂದು ಅವಳಿಗೆ ಆಗ ಹೊಳೆಯಿತು. "ಅಷ್ಟಕ್ಕೆ ಅಷ್ಟು ದೂರ ಯಾಕೆ ಹೋದೆ" ಎಂದ ಆರಿನ್. "ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ. ಬೇಗ ಬಾ, ಕಪಾಟು ಅರ್ಧ ಮಾಡಿಟ್ಟಿದೀನಿ, ಹಿಡ್ಕೊಳ್ಳೋಕೆ ಒಬ್ಬರು ಬೇಕು." ಮತ್ತೆ ಗರಗಸ ಶುರುವಾಯಿತು.

ಆದರೆ ಅವಳು ಕಾರಿನ ಕಡೆ ಹೋಗಲಿಲ್ಲ. ಡಬ್ಬಿ ಎತ್ತಿಕೊಂಡು ಹಸಿರು ಮಾಡಿನ ಹಿಂಬಾಗಿಲಿಗೆ ಹೋದಳು, ಈ ಸಲ ಹಿಡಿ ತಿರುಗಿಸಿದಳು. ಎರಡು ಜಡೆಯ ಹುಡುಗಿ ಹೋಗಿದ್ದಳು. ಮಾರಿಟ್ ಒಬ್ಬಳೇ ಚೆಂಡುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ತಲೆ ಎತ್ತಿದಳು, ಅಂದು ಎತ್ತದ ತಲೆ. ಮಾರ್ಲಾ ಅಂಗಳದ ಗೆರೆಯ ಹೊರಗೇ ನಿಂತಳು, ಹೊರಗಿನ ಬೂಟು ಹಾಕಿಕೊಂಡು ಮರದ ನೆಲ ತುಳಿದವರನ್ನು ಅವಳು ಎಷ್ಟು ಬೈದಿದ್ದಳೋ.

"ನಿಮ್ಮಮ್ಮನಿಗೆ ನಾಲ್ಕು ವರ್ಷ ಅಂದಿದ್ದೆ" ಎಂದಳು. ದಾರಿಯುದ್ದಕ್ಕೂ ಬೇರೆ ಏನೋ ಜೋಡಿಸಿಕೊಂಡಿದ್ದಳು, ಅದು ಬರಲಿಲ್ಲ. "ಎರಡೇ ಇದ್ದೆ. ನಿನಗೆ ನಾನೇ ಹೇಳ್ಬೇಕಿತ್ತು, ಅದೂ ಆಗ್ಲಿಲ್ಲ. ತಪ್ಪು ನಂದು. ಪತ್ರಿಕೆಯವರಿಗೆ ಹೇಳೋ ಹಾಗೆ ಹೇಳ್ತಿಲ್ಲ."

ಮಾರಿಟ್ ಕೈಯಲ್ಲಿದ್ದ ಚೆಂಡನ್ನು ಬುಟ್ಟಿಗೆ ಹಾಕಲಿಲ್ಲ. "ಅಲ್ಲಿ ಕೋರ್ಟಿನವರ ಹತ್ರ ನೀವು ಏನೂ ಮಾಡಿಲ್ಲ ಅಂತ ಹೇಳ್ತೀರಂತೆ, ಹಾಗೆ ಹೇಳಿದ್ರೇನೇ ಗೆಲ್ಲೋದಂತೆ" ಎಂದಳು. "ಇಲ್ಲಿ ಎಲ್ಲರಿಗೂ ಗೊತ್ತು." ಆಮೇಲೆ ಎಡಗೈ ಎತ್ತಿ, ಬೆರಳು ಅಗಲಿಸಿ, ತನ್ನ ಮುಖದ ಮುಂದೆ ಹಿಡಿದಳು. "ಹಾಗಾದ್ರೆ ಇದು?"

"ಅದು ನಂದು" ಎಂದಳು ಮಾರ್ಲಾ. "ಅರ್ಧ. ಇವತ್ತು ಪ್ರಮಾಣ ಮಾಡಿ ಹೇಳಿ ಬಂದೆ."

ಹುಡುಗಿ ಅವಳನ್ನು ಅಳೆಯುವ ಹಾಗೆ ನೋಡಿದಳು. ಕ್ಷಮಿಸಿದಳೋ ಇಲ್ಲವೋ ಆ ಮುಖದಲ್ಲಿ ಬರೆದಿರಲಿಲ್ಲ. ಆದರೆ ಬುಟ್ಟಿಯ ತಳಕ್ಕೆ ಬಗ್ಗಿ ಭಾರದ ಚೆಂಡು ಹುಡುಕಿ ತೆಗೆದು, ನೆಲದ ಮೇಲೆ ಅವಳ ಕಡೆ ಉರುಳಿಸಿದಳು. ಮಾರ್ಲಾ ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು, ಬಗ್ಗಿ ಎರಡೂ ಬೂಟು ಬಿಚ್ಚಿ ಗೆರೆಯ ಹೊರಗೆ ಜೋಡಿಸಿಟ್ಟಳು, ಕಾಲುಚೀಲದಲ್ಲಿ ತಣ್ಣನೆಯ ಮರದ ಮೇಲೆ ನಡೆದು ಗೋಡೆಯ ಮುಂದೆ ನಿಂತಳು. ಬಲಗೈಯನ್ನು ತಾನೇ ಬೆನ್ನ ಹಿಂದೆ ಹಿಡಿದುಕೊಂಡಳು. ಹೇಳಿಕೆ ಕೊಡಲೆಂದು ಹಾಕಿಕೊಂಡಿದ್ದ ಕೋಟು ಭುಜದಲ್ಲಿ ಬಿಗಿಯಿತು. ಎಡಗೈಯಿಂದ ಎತ್ತಿದ ಚೆಂಡು ಮೇಲೆ ಹೋಯಿತು, ಒಂದು ಚೂರೂ ತಿರುಗದೆ, ಅದರ ಮೇಲಿನ ಹೊಲಿಗೆ ಉದ್ದಕ್ಕೂ ಕಾಣುತ್ತಿತ್ತು.

"ಇನ್ನೊಂದು" ಎಂದಳು ಮಾರಿಟ್.